ಮಗು ಹೇಳಿದ ಮೇಲೆ ಏನು ಮಾಡಬೇಕು: ಮುಂಬೈ ಕನ್ನಡಿಗರಿಗೆ ಪೋಕ್ಸೊ ದೂರಿನ ದಾರಿ

ಮುಂಬೈ ಉಪನಗರದ ಒಂದು ಕನ್ನಡ ಸಂಘದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಅಕ್ಷರ ಕಲಿಸುತ್ತೇನೆ. ಕ್ಲಾಸ್ ಮುಗಿದ ಮೇಲೆ ಚಾಪೆ ಸುತ್ತಿಡಲು ಒಬ್ಬಳು ಹುಡುಗಿ ಯಾವಾಗಲೂ ಹಿಂದೆ ಉಳಿಯುತ್ತಿದ್ದಳು. ವಿಜಯಪುರ ಕಡೆಯವಳು ಅಂದುಕೊಳ್ಳಿ. ವಯಸ್ಸು, ಊರು ಎಲ್ಲ ಬದಲಿಸಿದ್ದೇನೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಒಂದು ದಿನ ಚಾಪೆ ಸುತ್ತುತ್ತಲೇ, ನನ್ನ ಮುಖ ನೋಡದೆ ಅಂದಳು: "ಟೀಚರ್, ಮಾಮಾ ರಾತ್ರಿ ಮಕ್ಕೊಳ್ಳಾಕ ಬಿಡಂಗಿಲ್ರಿ. ಮೈಮ್ಯಾಲ ಕೈ ಹಾಕ್ತಾನ್ರಿ."

ಆಮೇಲೆ ನಾನು ಮಾಡಿದ್ದೆಲ್ಲ ತಪ್ಪೇ. ಒಂದೇ ಉಸಿರಿಗೆ ಏಳೆಂಟು ಪ್ರಶ್ನೆ ಕೇಳಿದೆ. ಅವಳು ಬಾಯಿ ಮುಚ್ಚಿಬಿಟ್ಟಳು. ಸಂಘದ ಹಿರಿಯರೊಬ್ಬರಿಗೆ ಫೋನ್ ಮಾಡಿದೆ. ಅವರು "ಅವಸರ ಬೇಡಮ್ಮಾ, ಕಮಿಟಿಯಲ್ಲಿ ಮಾತಾಡೋಣ" ಅಂದರು. ಕಮಿಟಿಯಲ್ಲಿ ಬಂದ ತೀರ್ಮಾನ ಮುಂಬೈಯಲ್ಲಿ ನಮ್ಮವರ ಹಳೇ ತೀರ್ಮಾನವೇ: ಮಗುವನ್ನು ಅಜ್ಜಿ ಹತ್ತಿರ ಊರಿಗೆ ಕಳಿಸಿಬಿಡಿ, ರಾತ್ರಿ ಬಸ್ಸಿದೆ, ವಿಷಯ ಇಲ್ಲಿಗೇ ಮುಗಿಯಲಿ. ಮೂರು ದಿನ ಹೀಗೇ ಹೋಯಿತು. ಪರಿಚಯದ ವಕೀಲೆಯೊಬ್ಬರು ಕೇಳಿಸಿಕೊಂಡು, "ಮೂರು ದಿನದಿಂದ ನೀವೂ ಕಾನೂನು ಮುರೀತಾ ಇದೀರಿ, ಗೊತ್ತಾ?" ಅಂದರು. ಆಗಲೇ ನಾನು ಠಾಣೆಗೆ ಹೊರಟದ್ದು.

ನೀವು ಆ ಮೂರು ದಿನ ಕಳೆಯದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಕಾನೂನು ಯಾರನ್ನು ಕಟ್ಟಿಹಾಕುತ್ತದೆ

ಪೋಕ್ಸೊ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, 2012ರದು. ಆ ವರ್ಷದ ನವೆಂಬರ್ 14ರಿಂದ ಜಾರಿಯಲ್ಲಿದೆ. 18 ವರ್ಷ ತುಂಬದ ಎಲ್ಲರೂ ಇಲ್ಲಿ ಮಕ್ಕಳು, ಹುಡುಗರೂ ಸೇರಿ. ಇದರ 19ನೇ ಸೆಕ್ಷನ್ ಶುರುವಾಗುವುದೇ ಯಾವುದೇ ವ್ಯಕ್ತಿ ಎಂದು. ಡಾಕ್ಟರ್, ಟೀಚರ್, ಪೊಲೀಸ್ ಅಂತ ಪಟ್ಟಿ ಇಲ್ಲ. ಪಕ್ಕದ ಮನೆಯವರು, ಅತ್ತೆ, ಟ್ಯೂಷನ್ ಅಕ್ಕ, ಆಟೋ ಓಡಿಸುವವರು, ಸ್ವಂತ ತಾಯಿ, ಎಲ್ಲರೂ ಬಂದರು. ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ಗೊತ್ತಿದ್ದರೆ, ಅಥವಾ ನಡೆಯಬಹುದು ಎಂಬ ಆತಂಕ ಇದ್ದರೆ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ಹೇಳಲೇಬೇಕು. ಅಪರಾಧ ನಡೆದದ್ದು ಗೊತ್ತಿದ್ದೂ ಹೇಳದೆ ಉಳಿದರೆ 21ನೇ ಸೆಕ್ಷನ್ ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ 1 ವರ್ಷದವರೆಗೆ ಜೈಲು ಮತ್ತು ದಂಡ. ಹೇಳಲಿಲ್ಲ ಅಂತ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ.

ತುಂಬಾ ಜನ "24 ಗಂಟೆ ಟೈಮ್ ಇದೆಯಲ್ಲ" ಅನ್ನುತ್ತಾರೆ. ಪೋಕ್ಸೊದಲ್ಲಿರುವ ಆ 24 ಗಂಟೆ ನಮಗೆ ಕೊಟ್ಟದ್ದಲ್ಲ. ದೂರು ಬಂದ ಮೇಲೆ ಮಕ್ಕಳ ಕಲ್ಯಾಣ ಸಮಿತಿಗೂ (ಮಕ್ಕಳ ರಕ್ಷಣೆ ನೋಡಿಕೊಳ್ಳುವ ಸರ್ಕಾರಿ ಸಮಿತಿ) ವಿಶೇಷ ಕೋರ್ಟಿಗೂ ತಿಳಿಸಲು ಅದು ಪೊಲೀಸರಿಗೆ ಕೊಟ್ಟ ಗಡುವು. ನಾವು ಗೊತ್ತಾದ ಕೂಡಲೇ ಹೇಳಬೇಕು.

"ಸುಳ್ಳಾಗಿದ್ದರೆ?" ಎಂಬ ಭಯ ಎಲ್ಲರಿಗೂ ಇರುತ್ತದೆ. ನನಗೂ ಇತ್ತು. ಒಳ್ಳೆಯ ಮನಸ್ಸಿನಿಂದ ಹೇಳಿದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ, ಯಾವ ಕೇಸೂ ನಿಲ್ಲುವುದಿಲ್ಲ ಎಂದು ಅದೇ 19ನೇ ಸೆಕ್ಷನ್ನಿನಲ್ಲಿ ಬರೆದಿದೆ. ಸುಳ್ಳು ದೂರಿಗೆ ಶಿಕ್ಷೆ ಇರುವುದು ಹಣ ಕೀಳಲು, ಬೆದರಿಸಲು, ಮಾನ ಕಳೆಯಲು ಬೇಕೆಂದೇ ಕಟ್ಟಿ ಹೇಳಿದವರಿಗೆ. ಕೇಳಿದ್ದನ್ನು ಮುಟ್ಟಿಸುವುದಷ್ಟೇ ನಮ್ಮ ಕೆಲಸ. ನಿಜವೋ ಸುಳ್ಳೋ ಹುಡುಕುವುದು ಪೊಲೀಸರದು, ತೀರ್ಪು ಕೋರ್ಟಿನದು. ನಮ್ಮ ಕಮಿಟಿ ಈ ಮೂರನ್ನೂ ತಾನೇ ಮಾಡಲು ಹೊರಟಿತ್ತು.

ಊರಿಗೆ ಕಳಿಸಿದರೆ ಮುಗಿಯಿತು ಅಂತಲೂ ಇಲ್ಲ. ಮಗು ಊರಿಗೆ ಹೋದರೂ ಹೇಳುವ ಹೊಣೆ ನಿಮ್ಮ ಮೇಲೆ ಹಾಗೇ ಇರುತ್ತದೆ. ಆ ಮನುಷ್ಯ ಇದೇ ಚಾಳಿನಲ್ಲಿ ಬೇರೆ ಮಕ್ಕಳ ನಡುವೆಯೇ ಇರುತ್ತಾನೆ. ಈಗಾಗಲೇ ಕಳಿಸಿಬಿಟ್ಟಿದ್ದರೆ ಊರಿನ ಠಾಣೆಯಲ್ಲೇ ದೂರು ಕೊಡಬಹುದು. ಘಟನೆ ಎಲ್ಲಿಯದಾದರೂ ಝೀರೋ ಎಫ್‌ಐಆರ್ ಬರೆದುಕೊಂಡು ಮುಂಬೈಗೆ ವರ್ಗಾಯಿಸಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿ ಇದು ಸ್ಪಷ್ಟವಾಗಿದೆ.

ಮೊದಲ ಹೆಜ್ಜೆ: ಕೇಳಿ, ಕೆದಕಬೇಡಿ

ಮಗು ಮಾತು ಶುರು ಮಾಡಿದಾಗ ಕೈಯಲ್ಲಿದ್ದ ಕೆಲಸ ನಿಲ್ಲಿಸಬೇಕಾಗಿಲ್ಲ. ಅವಳು ಚಾಪೆ ಸುತ್ತುತ್ತಿದ್ದರೆ ನೀವೂ ಇನ್ನೊಂದು ತುದಿ ಹಿಡಿಯಿರಿ. ಎದುರಿಗೆ ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟರೆ ಎಷ್ಟೋ ಮಕ್ಕಳಿಗೆ ಅದು ವಿಚಾರಣೆಯ ಹಾಗೆ ಕಾಣುತ್ತದೆ. "ಆಮೇಲೆ?" ಅನ್ನುವುದು ಸಾಕು. "ಅವನು ಇಲ್ಲಿ ಮುಟ್ಟಿದನಾ?" ಅಂತ ನೀವೇ ಉತ್ತರ ಬಾಯಿಗೆ ಇಟ್ಟರೆ ನಾಳೆ ಕೋರ್ಟಿನಲ್ಲಿ ಎದುರಿನ ವಕೀಲರು ಹಿಡಿಯುವುದು ಅದನ್ನೇ. "ಯಾಕೆ ಮೊದಲೇ ಹೇಳಲಿಲ್ಲ?" ಎಂಬ ಪ್ರಶ್ನೆ ಬೇಡವೇ ಬೇಡ.

"ಯಾರಿಗೂ ಹೇಳಲ್ಲ, ಪ್ರಾಮಿಸ್" ಅಂತ ಮಾತು ಕೊಡಬೇಡಿ. ಆ ಮಾತನ್ನು ನೀವು ಉಳಿಸಿಕೊಳ್ಳಲು ಆಗುವುದಿಲ್ಲ. "ನೀನು ಹೇಳಿದ್ದು ಒಳ್ಳೇದಾಯ್ತು. ನಿನ್ನ ತಪ್ಪು ಏನೂ ಇಲ್ಲ. ಇದನ್ನ ನಿಲ್ಲಿಸೋಕೆ ನಾನು ದೊಡ್ಡವರೊಬ್ಬರಿಗೆ ಹೇಳಬೇಕಾಗ್ತದೆ" ಅನ್ನಿ. ಇಷ್ಟೇ. ಬೇರೆಯವರ ಮುಂದೆ ಮತ್ತೆ ಹೇಳಿಸಬೇಡಿ, ಮೊಬೈಲಿನಲ್ಲಿ ವಿಡಿಯೊ ಮಾಡಬೇಡಿ.

ತಂದೆತಾಯಿಗೆ ಹೇಳಬೇಕಾ? ದೂರು ಕೊಡಲು ಅವರ ಒಪ್ಪಿಗೆ ಬೇಕು ಎಂದು ಕಾನೂನು ಎಲ್ಲೂ ಹೇಳಿಲ್ಲ. ಆರೋಪ ಮನೆಯೊಳಗಿನವರ ಮೇಲಿದ್ದರೆ ಮೊದಲು ಪೊಲೀಸರು, ಆಮೇಲೆ ಮನೆಯವರು, ಇದು ನನ್ನ ಅಭಿಪ್ರಾಯ. ಮೊದಲೇ ಮನೆಗೆ ಗೊತ್ತಾದರೆ ಮಗುವಿನ ಮೇಲೆ ಒತ್ತಡ ಬೀಳುತ್ತದೆ, ಬಟ್ಟೆಬರೆ ತೊಳೆದು ಹೋಗುತ್ತದೆ, ಆತ ಊರು ಬಿಡುತ್ತಾನೆ.

ಎರಡನೇ ಹೆಜ್ಜೆ: ಅದೇ ಮಾತಿನಲ್ಲಿ ಬರೆದಿಡಿ

ಮಗು ಹೋದ ತಕ್ಷಣ ಒಂದು ನೋಟ್‌ಬುಕ್ ಹಾಳೆ ತೆಗೆದುಕೊಳ್ಳಿ. ತಾರೀಖು, ಗಂಟೆ, ಜಾಗ, ಯಾರಿದ್ದರು, ಮಗು ಏನು ಅಂದಿತು, ನೀವು ಏನು ಕೇಳಿದಿರಿ. ಕೆಳಗೆ ಸಹಿ.

ನಾನು ಮೊದಲು ಬರೆದದ್ದು ಹೀಗಿತ್ತು: "ಸಂಬಂಧಿಯೊಬ್ಬರು ಬಾಲಕಿಯೊಂದಿಗೆ ಅಸಭ್ಯವಾಗಿ ವರ್ತಿಸಿರುತ್ತಾರೆ." ಪೇಪರಿನವರ ಕನ್ನಡ! ಇದರಲ್ಲಿ ಮಗುವಿನ ಒಂದು ಮಾತೂ ಇಲ್ಲ. ರಾತ್ರಿ ಇಲ್ಲ, ಮೈ ಇಲ್ಲ, ಕೈ ಇಲ್ಲ. "ಸಂಬಂಧಿ" ಅಂತ ಅವಳು ಹೇಳಿಯೇ ಇರಲಿಲ್ಲ. ವಕೀಲೆ ಆ ಹಾಳೆಗೆ ಅಡ್ಡಗೆರೆ ಎಳೆಸಿ, ಹರಿಯಲು ಬಿಡದೆ, ಕೆಳಗೆ ಹೊಸದಾಗಿ ಬರೆಸಿದರು. ಮಗು ತನ್ನ ಮೈಯ ಭಾಗಗಳಿಗೆ ಯಾವ ಹೆಸರು ಹೇಳುತ್ತದೋ ಅದೇ ಹೆಸರು ಬರೆಯಿರಿ. ನಾಚಿಕೊಂಡು "ಗುಪ್ತಾಂಗ" ಅಂತ ತಿದ್ದಬೇಡಿ.

ಮೂರನೇ ಹೆಜ್ಜೆ: ಫೋನ್ ಯಾರಿಗೆ

ಈಗಿಂದೀಗಲೇ ಅಪಾಯ ಇದ್ದರೆ 112. ಮಕ್ಕಳ ಸಹಾಯವಾಣಿ 1098, ದಿನದ ಯಾವ ಹೊತ್ತಿನಲ್ಲಾದರೂ. ಈ 1098 ಹುಟ್ಟಿದ್ದೇ ನಮ್ಮ ಮುಂಬೈಯಲ್ಲಿ, 1996ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಯೋಜನೆಯಾಗಿ. 2023ರಿಂದ ಸರ್ಕಾರವೇ ನಡೆಸುತ್ತಿದೆ, 112ರ ಜೊತೆ ಜೋಡಿಸಿದೆ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಇಲ್ಲಿಗೆ ಮಾಡಿ. ಆದರೆ ಕಾಯ್ದೆ ಹೆಸರಿಸಿರುವುದು ಪೊಲೀಸರನ್ನು. ಹಾಗಾಗಿ 1098ಕ್ಕೆ ಹೇಳಿದೆ, ಹೆಡ್‌ಮಾಸ್ಟರಿಗೆ ಹೇಳಿದೆ, ಸಂಘದ ಅಧ್ಯಕ್ಷರಿಗೆ ಹೇಳಿದೆ ಅಂತ ಕೈ ತೊಳೆದುಕೊಳ್ಳಬೇಡಿ. ಠಾಣೆಗೂ ತಲುಪಿಸಿ.

ನಾಲ್ಕನೇ ಹೆಜ್ಜೆ: ಠಾಣೆಯಲ್ಲಿ

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಇಲ್ಲಿ. ಒಬ್ಬರೇ ಹೋಗಬೇಡಿ. ಮರಾಠಿ ಚೆನ್ನಾಗಿ ಓದಬಲ್ಲ ಒಬ್ಬರು ಜೊತೆಗಿರಲಿ, ಯಾಕೆಂದರೆ ಬರವಣಿಗೆ ಎಲ್ಲ ಮರಾಠಿಯಲ್ಲೇ. ಅಲ್ಲಿ "ತಕ್ರಾರ್" ಅಂದರೆ ದೂರು, ನಮ್ಮ ತಕರಾರಲ್ಲ. "ಜಬಾಬ್" ಅಂದರೆ ಹೇಳಿಕೆ. ಬಾಗಿಲಲ್ಲೇ ಕೂತಿರುವ ಠಾಣೆ ಅಂಮಲದಾರ್ ಹತ್ತಿರ "ಪೋಕ್ಸೊ ತಕ್ರಾರ್ ದ್ಯಾಯಚೀ ಆಹೇ" ಅಂದರೆ ಸಾಕು. ಉಳಿದ ಕಥೆಯನ್ನು ಕಾರಿಡಾರಿನಲ್ಲಿ ಹೇಳಬೇಡಿ, ಮಹಿಳಾ ಅಧಿಕಾರಿಯನ್ನು ಕೇಳಿ. ಮಗುವನ್ನು ಠಾಣೆಗೆ ಕರೆದುಕೊಂಡು ಹೋಗುವ ಅಗತ್ಯವೇ ಇಲ್ಲ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ, ಆದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗಿಂತ ಕಡಿಮೆಯಲ್ಲದ ಮಹಿಳಾ ಅಧಿಕಾರಿ, ಯೂನಿಫಾರ್ಮ್ ಇಲ್ಲದೆ ಬರೆದುಕೊಳ್ಳಬೇಕು. ಮಗು ನಂಬುವವರೊಬ್ಬರು ಪಕ್ಕದಲ್ಲಿರಬೇಕು. ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

ನಿಮ್ಮ ಮಾಹಿತಿಯನ್ನು ಬರೆದುಕೊಂಡು, ನಂಬರ್ ಹಾಕಿ, ನಿಮಗೆ ಓದಿ ಹೇಳಬೇಕು ಎಂದು 19ನೇ ಸೆಕ್ಷನ್‌ನಲ್ಲೇ ಇದೆ. ಈ "ಓದಿ ಹೇಳಬೇಕು" ಎಂಬುದನ್ನು ಬಿಡಬೇಡಿ. ನನ್ನ ಕೇಸಿನಲ್ಲಿ ಹುಡುಗಿ ಹೇಳಿದ್ದು "ಮಾಮಾ". ಬರೆಯುತ್ತಿದ್ದವರು ಮರಾಠಿಯಲ್ಲಿ ಮಾಮಾ ಅಂತಲೇ ಬರೆದು, ಮುಂದೆ "ಆಯೀಚಾ ಭಾವು" ಅಂತ ಸೇರಿಸಿಬಿಟ್ಟಿದ್ದರು. ಅಮ್ಮನ ತಮ್ಮ! ಮರಾಠಿಯಲ್ಲಿ ಮಾಮಾ ಅಂದರೆ ಸೋದರಮಾವನೇ ತಾನೇ. ಅವರದು ಕೆಟ್ಟ ಉದ್ದೇಶ ಅಲ್ಲ. ಆದರೆ ಈ ಹುಡುಗಿ ಮಾಮಾ ಅನ್ನುತ್ತಿದ್ದದ್ದು ಅದೇ ಖೋಲಿಯಲ್ಲಿ ಬಾಡಿಗೆ ಹಂಚಿಕೊಂಡಿದ್ದ ಅಪ್ಪನ ಜೊತೆಗಾರನನ್ನು. ನಮ್ಮ ಕಡೆ ಮಕ್ಕಳು ಮನೆಗೆ ಬರುವ ಗಂಡಸರನ್ನೆಲ್ಲ ಮಾಮಾ, ಕಾಕಾ ಅನ್ನುತ್ತವಲ್ಲ. ಸಾಲುಸಾಲು ಓದಿಸಿದ್ದಕ್ಕೆ ತಪ್ಪು ಸಿಕ್ಕಿತು. ಓದಿಸದೆ ಸಹಿ ಹಾಕಿದ್ದರೆ ಆ ಹೊತ್ತಿಗೆ ಸಾಂಗ್ಲಿಯಲ್ಲಿ ಕಬ್ಬು ಕಡಿಯುತ್ತಿದ್ದ ಇನ್ಯಾರದೋ ಬಾಗಿಲಿಗೆ ಪೊಲೀಸರು ಹೋಗುತ್ತಿದ್ದರು.

ಹಾಗಾಗಿ ಅನುವಾದಕರನ್ನು ಕೇಳಿ. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಬರೆಯುತ್ತಿದ್ದರೆ ಅನುವಾದಕರನ್ನು ಒದಗಿಸುವುದು ಪೊಲೀಸರ ಕರ್ತವ್ಯ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇಂಥವರ ಪಟ್ಟಿ ಇರಬೇಕು ಎಂದು ಪೋಕ್ಸೊದ 2020ರ ನಿಯಮಗಳು ಹೇಳುತ್ತವೆ. "ನೀವೇ ಹೇಳಿಬಿಡಿ ಮೇಡಂ" ಅಂತ ಒತ್ತಾಯ ಬರುತ್ತದೆ. ಒಪ್ಪಬೇಡಿ. ನೀವು ಮುಂದೆ ಸಾಕ್ಷಿ ಆಗುವವರು. ಸಾಕ್ಷಿಯೇ ಅನುವಾದಕರಾದರೆ ಮಗುವಿನ ಮಾತು ಯಾವುದು, ನಿಮ್ಮ ಮಾತು ಯಾವುದು ಎಂಬ ಗೊಂದಲ ಕೋರ್ಟಿಗೆ ಹೋಗುತ್ತದೆ. ಕನ್ನಡ ಬಲ್ಲ, ಈ ಕೇಸಿಗೆ ಸಂಬಂಧವಿಲ್ಲದ ಒಬ್ಬರ ಹೆಸರು ಹೇಳಿ. ಮುಂಬೈಯಲ್ಲಿ ಕನ್ನಡ ಗೊತ್ತಿರುವವರಿಗೇನು ಬರವಾ?

ಹೊರಡುವ ಮೊದಲು ಎರಡು ವಿಷಯ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ದೂರು ಬರೆದುಕೊಂಡ ಅಧಿಕಾರಿಯ ಹೆಸರು, ಹುದ್ದೆ, ಫೋನ್ ನಂಬರ್ ಮತ್ತು ಅವರ ಮೇಲಧಿಕಾರಿಯ ವಿವರ ನಿಮಗೆ ಕೊಡಬೇಕೆಂದು ನಿಯಮವಿದೆ. ಅದನ್ನೂ ಬರೆದುಕೊಳ್ಳಿ.

"ಎನ್‌ಸಿ ಬರ್ಕೊಳ್ತೀವಿ, ನಾಳೆ ಬನ್ನಿ" ಅಂದರೆ? ನನಗೂ ಅಂದರು. ಎನ್‌ಸಿ ಅಂದರೆ ಎಫ್‌ಐಆರ್ ಮಾಡದೆ, ಸಣ್ಣ ಅಪರಾಧ ಅಂತ ಬರೆದಿಡುವ ನಮೂದು. ಇಂಥ ಗಂಭೀರ ಅಪರಾಧದ ಮಾಹಿತಿ ಬಂದಾಗ ಎಫ್‌ಐಆರ್ ಬರೆಯಲೇಬೇಕು ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. ಪೋಕ್ಸೊ ದೂರು ಬರೆದುಕೊಳ್ಳದ ಪೊಲೀಸರಿಗೂ ಅದೇ 21ನೇ ಸೆಕ್ಷನ್ ಅನ್ವಯಿಸುತ್ತದೆ. ಇದನ್ನು ಜಗಳದ ದನಿಯಲ್ಲಿ ಹೇಳಬೇಡಿ. ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಠಾಣೆಯ ಸೀಲು, ಟೈಮು ಹಾಕಿಕೊಡಿ ಅನ್ನಿ. ಸೀಲು ಕೇಳಿದ ತಕ್ಷಣ ನನ್ನ ಮುಂದೆ ಒಂದು ಕುರ್ಚಿ ಬಂತು, ಚಹಾ ಕೂಡ. ಅದಕ್ಕೂ ಬಗ್ಗದಿದ್ದರೆ ಆ ವಲಯದ ಡಿಸಿಪಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ. ಆಮೇಲೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು.

ಆಸ್ಪತ್ರೆ

ತಡ ಮಾಡಬೇಡಿ, ಎಫ್‌ಐಆರ್ ಆಗಿಲ್ಲ ಅಂತ ಕಾಯಬೇಡಿ. ಎಫ್‌ಐಆರ್ ಇಲ್ಲದಿದ್ದರೂ ಮಗುವಿನ ಪರೀಕ್ಷೆ ಮಾಡಬೇಕು, ಚಿಕಿತ್ಸೆ ಉಚಿತವಾಗಿ ಕೊಡಬೇಕು. ಖಾಸಗಿ ಆಸ್ಪತ್ರೆಗೂ ಇದು ಅನ್ವಯ. ಹುಡುಗಿಯಾದರೆ ಮಹಿಳಾ ಡಾಕ್ಟರೇ ಪರೀಕ್ಷಿಸಬೇಕು. ಆಗ ತೊಟ್ಟಿದ್ದ ಬಟ್ಟೆ ಇದ್ದರೆ ತೊಳೆಯದೆ ಪೇಪರ್ ಚೀಲದಲ್ಲಿ ಇಡಿ, ಪ್ಲಾಸ್ಟಿಕ್ ಬೇಡ.

ಇನ್ನೊಂದು ವಿಷಯ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಿಗೆ ಗೊತ್ತಿರಲಿ. ಊರಲ್ಲಿ 16ಕ್ಕೇ ಮದುವೆ ಮಾಡಿ ಮುಂಬೈಗೆ ಕರೆತಂದ ಹುಡುಗಿ ಬಸುರಿಯಾಗಿ ಮುನಿಸಿಪಾಲಿಟಿ ಆಸ್ಪತ್ರೆಗೆ ಹೋದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು. ಮದುವೆ ಆಗಿದೆ ಎಂಬುದು ಉತ್ತರವಲ್ಲ. 18ಕ್ಕಿಂತ ಚಿಕ್ಕ ಹೆಂಡತಿಯ ಜೊತೆಗಿನ ಸಂಬಂಧವೂ ಅಪರಾಧ ಎಂದು 2017ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಒಪ್ಪಿಗೆಯ ಸಂಬಂಧದಿಂದ ಗರ್ಭಿಣಿಯಾಗಿ ಗರ್ಭಪಾತಕ್ಕೆ ಬಂದ ಅಪ್ರಾಪ್ತ ಹುಡುಗಿಯ ಹೆಸರನ್ನು, ಅವಳೂ ಪೋಷಕರೂ ಕೇಳಿಕೊಂಡರೆ, ಡಾಕ್ಟರು ಪೊಲೀಸರಿಗೆ ಕೊಡಬೇಕಿಲ್ಲ ಎಂದು 2022ರ ಸೆಪ್ಟೆಂಬರಿನ ತೀರ್ಪಿದೆ. ಪೊಲೀಸರ ಭಯಕ್ಕೆ ಹುಡುಗಿಯನ್ನು ಕಂಡಕಂಡ ಕಡೆ ಕರೆದೊಯ್ಯಬೇಡಿ ಅಂತಲೇ ಇದನ್ನು ಇಲ್ಲಿ ಬರೆದೆ.

ಸಂಘ, ಶಾಲೆ, ಟ್ಯೂಷನ್ ನಡೆಸುವವರು

2024ರ ಆಗಸ್ಟಿನಲ್ಲಿ ಬದ್ಲಾಪುರದಲ್ಲಿ ಜನ ರೈಲು ಹಳಿ ಮೇಲೆ ಕೂತದ್ದು ನಮಗೆಲ್ಲ ನೆನಪಿದೆ. ಅಂದು ಲೋಕಲ್‌ನಲ್ಲಿ ಸಿಕ್ಕಿಕೊಂಡ ಕನ್ನಡಿಗರೂ ಎಷ್ಟೋ ಜನ. ಪುಟ್ಟ ಮಕ್ಕಳಿಬ್ಬರ ಮೇಲೆ ಶಾಲೆಯಲ್ಲೇ ದೌರ್ಜನ್ಯ ನಡೆದ ಆ ಪ್ರಕರಣದಲ್ಲಿ ಆರೋಪಿಯ ಮೇಲಷ್ಟೇ ಅಲ್ಲ, ಗೊತ್ತಿದ್ದೂ ಪೊಲೀಸರಿಗೆ ತಿಳಿಸಲಿಲ್ಲ ಎಂದು ಆಡಳಿತ ಮಂಡಳಿಯ ಮೇಲೂ ಕೇಸಾಯಿತು. ಅದಕ್ಕೂ ಮೊದಲು ಚಂದ್ರಾಪುರ ಜಿಲ್ಲೆಯ ಹಾಸ್ಟೆಲ್ ಪ್ರಕರಣದಲ್ಲಿ, ಹುಡುಗಿಯರಿಗೆ ಚಿಕಿತ್ಸೆ ಕೊಟ್ಟಿದ್ದ ಡಾಕ್ಟರ ಮೇಲಿನ ಇಂಥದೇ ಕೇಸನ್ನು ಹೈಕೋರ್ಟ್ ರದ್ದು ಮಾಡಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಗೊತ್ತಿದ್ದೂ ಹೇಳದಿರುವುದು ಗಂಭೀರ ಅಪರಾಧ ಎಂದಿತು.

ಹಾಗಾಗಿ ಕಮಿಟಿಯ ಹಿರಿಯರೇ, ಯಕ್ಷಗಾನ ಕ್ಲಾಸು, ಭಜನೆ, ಟ್ಯೂಷನ್ ಏನೇ ನಡೆಸಿ, ಒಳಗೇ ತನಿಖೆ ಮಾಡುವ ಅಧಿಕಾರ ನಿಮಗಿಲ್ಲ. ಆತನನ್ನು ಕೆಲಸದಿಂದ ತೆಗೆದೆವು, ಕ್ಷಮೆ ಕೇಳಿಸಿದೆವು, ಇವು ಯಾವುವೂ ಪೊಲೀಸರಿಗೆ ಹೇಳಿದ್ದಕ್ಕೆ ಸಮ ಅಲ್ಲ.

ಹೊಡೆತ, ಉಪವಾಸ, ದುಡಿಮೆ

ಇಲ್ಲಿ ಕಾನೂನು ಸ್ವಲ್ಪ ಬೇರೆ. ಮನೆಯಲ್ಲಿ ಹೊಡೆಸಿಕೊಳ್ಳುವ, ಊಟವಿಲ್ಲದ ಮಗುವಿನ ವಿಷಯದಲ್ಲಿ, ಎಲ್ಲರೂ ಹೇಳಲೇಬೇಕು ಎಂಬ ಪೋಕ್ಸೊದಂಥ ಕಡ್ಡಾಯ ಇಲ್ಲ. ಹಾಗಂತ ಅದು ಅಪರಾಧ ಅಲ್ಲ ಅಂತಲ್ಲ. 2015ರ ಬಾಲ ನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, ಮಗುವಿನ ಹೊಣೆ ಹೊತ್ತವರು ಹಿಂಸೆ ಕೊಟ್ಟರೆ, ಕೈಬಿಟ್ಟರೆ, ಬೇಕೆಂದೇ ನಿರ್ಲಕ್ಷಿಸಿದರೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ದಂಡ, ಅಥವಾ ಎರಡೂ. 1098ಕ್ಕೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ಯಾರು ಬೇಕಾದರೂ ತಿಳಿಸಬಹುದು. ಮುಂಬೈ ನಗರಕ್ಕೆ, ಉಪನಗರಕ್ಕೆ ಬೇರೆ ಬೇರೆ ಸಮಿತಿಗಳಿವೆ.

ಒಂದು ಕಡೆ ಮಾತ್ರ ಕಡ್ಡಾಯ ಇದೆ. ದಾದರಿನಲ್ಲೋ ಕುರ್ಲಾದಲ್ಲೋ ಮನೆಯವರಿಲ್ಲದೆ, ಕಳೆದುಹೋದಂತೆ, ಬಿಟ್ಟುಹೋದಂತೆ ಕಾಣುವ ಮಗು ಸಿಕ್ಕಿದರೆ 24 ಗಂಟೆಯೊಳಗೆ ತಿಳಿಸಬೇಕು. ಪ್ರಯಾಣದ ಸಮಯ ಇದರಲ್ಲಿ ಸೇರಿಲ್ಲ. ಪೊಲೀಸ್, 1098, ಸಮಿತಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಯಾವುದಕ್ಕಾದರೂ ಸರಿ. ಹೇಳದಿದ್ದರೆ 6 ತಿಂಗಳವರೆಗೆ ಜೈಲು ಅಥವಾ 10 ಸಾವಿರ ದಂಡ, ಅಥವಾ ಎರಡೂ. ಪಾಪ ಅಂತ ಮನೆಗೆ ಕರೆದುಕೊಂಡು ಹೋಗಿ ಇಟ್ಟುಕೊಳ್ಳುವುದೂ ತಪ್ಪೇ.

ಹೋಟೆಲ್ ಮಾಣಿಗಳ ಮಾತು ಬಂದರೆ ನಮ್ಮವರಿಗೆ ಸ್ವಲ್ಪ ಕಸಿವಿಸಿ. ತುಳುನಾಡಿನ ಎಷ್ಟೋ ಹಿರಿಯರು ಎಳೆಯ ವಯಸ್ಸಿನಲ್ಲೇ ಇಲ್ಲಿಗೆ ಬಂದು, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಆ ಕಥೆಯ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಅದನ್ನು ಹೇಳಿಕೊಂಡು ಇವತ್ತು ಯಾದಗಿರಿಯ 12ರ ಹುಡುಗನನ್ನು ಭಟ್ಟಿ ಮುಂದೆ ನಿಲ್ಲಿಸುವಂತಿಲ್ಲ. 2016ರ ತಿದ್ದುಪಡಿಯ ನಂತರ 14 ತುಂಬದವರನ್ನು ಕೆಲಸಕ್ಕೆ ಇಟ್ಟುಕೊಂಡರೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, ಇಲ್ಲವೇ 20 ರಿಂದ 50 ಸಾವಿರ ದಂಡ, ಇಲ್ಲವೇ ಎರಡೂ. ಮನೆಗೆಲಸಕ್ಕೆ ಊರಿಂದ ಹುಡುಗಿ ತರಿಸಿಕೊಂಡವರೂ ಇದನ್ನು ಓದಿಕೊಳ್ಳಿ.

ವಾಟ್ಸಾಪ್

ಮಗುವಿನ ಮೇಲಿನ ದೌರ್ಜನ್ಯದ ವಿಡಿಯೊ ಗ್ರೂಪಿಗೆ ಬಂದರೆ "ಎಚ್ಚರಿಕೆ, ಎಲ್ಲರಿಗೂ ಶೇರ್ ಮಾಡಿ" ಅಂತ ಮುಂದೆ ತಳ್ಳಬೇಡಿ. ಕಳಿಸುವುದೂ ಅಪರಾಧ, ಇಟ್ಟುಕೊಳ್ಳುವುದೂ ಅಪರಾಧ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತಷ್ಟು ಬಿಗಿ ಮಾಡಿತು. ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ಇಂಥದ್ದನ್ನು ತಿಳಿಸಬಹುದು. ಮಗುವಿನ ಹೆಸರು, ಫೋಟೊ, ಶಾಲೆ, ಚಾಳಿನ ಹೆಸರು, ಗುರುತು ಸಿಗುವ ಏನನ್ನೂ ಹೊರಗೆ ಬಿಡುವಂತಿಲ್ಲ. ನಾನು ಮೇಲೆ ವಿವರ ಬದಲಿಸಿದ್ದು ಇದಕ್ಕೇ.

ದೂರಾದ ಮೇಲೆ

ಆರೋಪಿ ಅದೇ ಮನೆಯಲ್ಲಿದ್ದರೆ ಪೊಲೀಸರು ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು, ಮಗು ಎಲ್ಲಿರಬೇಕು ಎಂದು ಸಮಿತಿ 3 ದಿನದಲ್ಲಿ ತೀರ್ಮಾನಿಸಬೇಕು. ಕೇಸು ಮುಗಿಯುವ ತನಕ ಜೊತೆಗಿರಲು ಒಬ್ಬ ಸಹಾಯಕ ವ್ಯಕ್ತಿಯನ್ನು ಸಮಿತಿ ಕೊಡಬಹುದು. ಕನ್ನಡ ಬಲ್ಲವರೇ ಬೇಕು ಅಂತ ಬರೆದು ಕೇಳಿ. ನಾವು ಬಾಯಲ್ಲಿ ಕೇಳಿದಾಗ ಸಿಗಲಿಲ್ಲ, ಬರೆದುಕೊಟ್ಟ ಮೇಲೆ ಸಿಕ್ಕಿತು. ಮಧ್ಯಂತರ ಪರಿಹಾರವನ್ನು ಕೋರ್ಟ್ ಕೊಡಿಸಬಹುದು. ಮಹಾರಾಷ್ಟ್ರದಲ್ಲಿ ಇಂಥ ಸಂತ್ರಸ್ತರಿಗೆ ನೆರವು ಕೊಡುವ ಮನೋಧೈರ್ಯ ಯೋಜನೆಯೂ ಇದೆ. ಅರ್ಜಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ.

ವಿಚಾರಣೆ ಆದಷ್ಟು ಒಂದು ವರ್ಷದಲ್ಲಿ ಮುಗಿಯಬೇಕು ಎಂದು ಕಾಯ್ದೆಯಲ್ಲಿದೆ, ಆದರೆ ಅಷ್ಟಕ್ಕೇ ಮುಗಿಯುತ್ತದೆ ಅಂತ ಮಗುವಿಗೆ ಹೇಳಿ ಇಡಬೇಡಿ. ನಿಮಗೂ ಸಮನ್ಸ್ ಬರುತ್ತದೆ. ಆ ದಿನ ನೋಟ್‌ಬುಕ್ ಹಾಳೆ ಜೊತೆಗಿರಲಿ. ನನ್ನ ಹಾಳೆಯಲ್ಲಿ ಅಡ್ಡಗೆರೆ ಎಳೆದ ಆ ಮೊದಲ ಸಾಲೂ ಹಾಗೇ ಇತ್ತು. ಇದೇನು ಅಂತ ಎದುರಿನ ವಕೀಲರು ಕೇಳಿದರು. ಅದು ನನ್ನ ಮಾತು, ಕೆಳಗಿರುವುದು ಅವಳ ಮಾತು ಅಂದೆ.